ಒಂದೇ ಕಾರು, ನಾಲ್ಕು ಸಲ ಆಯಿಲ್: ಹೋದ ಮೈಲೇಜ್ ಎಲ್ಲಿ ಸಿಕ್ಕಿತು?

ನಮ್ಮ ಕಾರಿನ ಮೈಲೇಜ್ ಇಳಿದಾಗ ಎಲ್ಲರ ಹಾಗೆ ನಾನೂ ಮೊದಲು ಬೈದದ್ದು ಪೆಟ್ರೋಲಿಗೆ. ಎಥೆನಾಲ್ ಬೆರೆಸುತ್ತಾರೆ, ಇನ್ನೇನಾಗುತ್ತೆ ಅಂತ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದರೆ ಬೆರಕೆ ಶೇ 10ರಿಂದ ಶೇ 20ಕ್ಕೆ ಏರಿತು ಅಂದುಕೊಂಡರೂ ಲೆಕ್ಕಕ್ಕೆ ಬರುವ ನಷ್ಟ ಶೇ 3-4. ನನ್ನ ಗಾಡಿ ಹೈವೇಯಲ್ಲಿ 17ರ ಹತ್ತಿರ ಕೊಡುತ್ತಿದ್ದದ್ದು 14.4ಕ್ಕೆ ಬಂದು ಕೂತಿತ್ತು. ಅಂದರೆ ಶೇ 15 ನಷ್ಟ. ಎಲ್ಲವನ್ನೂ ಎಥೆನಾಲ್ ತಲೆಗೆ ಕಟ್ಟೋಕಾಗುತ್ತಾ?

ಒಂದು ಭಾನುವಾರ ಬೆಳಿಗ್ಗೆ ಬಾನೆಟ್ ತೆಗೆದು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದೆ. ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗೆ ಇಳಿಸಿ, ಎಳೆದು ನೋಡಿದೆ. ಆಯಿಲ್ ಕೆಳಗಿನ ಗುರುತಿಗಿಂತ ಕೆಳಗಿತ್ತು, ತುದಿಯಲ್ಲಿ ಒಂಚೂರು ಅಂಟಿತ್ತು ಅಷ್ಟೇ. ಬೆರಳಲ್ಲಿ ಉಜ್ಜಿದರೆ ಕಾಡಿಗೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರೆ ಅದರ ಒಳಮೈಗೆ ಕಾಫಿ ನೊರೆ ಬಣ್ಣದ ಲೋಳೆ.

ಕೊನೇ ಸಲ ಆಯಿಲ್ ಬದಲಾಯಿಸಿ ಎರಡು ವರ್ಷದ ಮೇಲಾಗಿತ್ತು. 'ಕಿಲೋಮೀಟರ್ ಆಗಿಲ್ಲವಲ್ಲ' ಅಂತ ಸುಮ್ಮನಿದ್ದೆ. ಮ್ಯಾನುಯಲ್‌ನಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಸ್ಪಷ್ಟವಾಗಿದೆ. ಆ ಎರಡನೇ ಮಾತನ್ನು ನಾನು ಓದಿಯೇ ಇರಲಿಲ್ಲ. ಆ ಎರಡು ವರ್ಷ ಗಾಡಿ ಓಡಿದ್ದೆಲ್ಲ ದಾವಣಗೆರೆ ಊರೊಳಗೆ. ತರಕಾರಿ ಮಾರ್ಕೆಟ್, ಮಗಳ ಸ್ಕೂಲು, ಮದುವೆ ಹಾಲ್. ಆಯಿಲ್‌ಗೆ ಇದಕ್ಕಿಂತ ಕೆಟ್ಟ ಓಡಾಟ ಇಲ್ಲ. ಎರಡು-ಮೂರು ಕಿಲೋಮೀಟರಿಗೆ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ಸಿಲಿಂಡರ್ ಗೋಡೆಯಿಂದ ಜಾರಿದ ಪೆಟ್ರೋಲ್, ಹೊಗೆಯ ಜೊತೆ ಇಳಿದ ನೀರಿನ ಪಸೆ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಉಳಿಯುತ್ತವೆ. ಮುಚ್ಚಳದ ಲೋಳೆ ಅದರದ್ದೇ.

ಕಾರು 2013ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೆಸರು ಹೇಳುವುದಿಲ್ಲ, ತಪ್ಪು ಗಾಡಿಯದ್ದಲ್ಲ.

ಆಗಷ್ಟೇ ನನಗೆ ವಾರಕ್ಕೆ ಮೂರು ದಿನ ಚಿತ್ರದುರ್ಗದ ಕೆಲಸ ಶುರುವಾಗಿತ್ತು. ಹೋಗಿಬಂದರೆ 125 ಕಿಲೋಮೀಟರ್ ಹತ್ತಿರ, ಎನ್‌ಎಚ್ 48, ಹೆಚ್ಚೂಕಡಿಮೆ ಒಂದೇ ವೇಗ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ರಸ್ತೆ ಬೇಕಾ? ಒಂದೇ ಬಂಕ್, ಒಂದೇ ಪಂಪ್, ಗನ್ ತಾನೇ 'ಟಕ್' ಅಂತ ನಿಲ್ಲುವ ತನಕ. 80ರ ಆಸುಪಾಸಿನ ವೇಗ, ಎಸಿ ಯಾವಾಗಲೂ ಆನ್. ಟೈರಿನ ಗಾಳಿ ಬಾಗಿಲ ಬದಿಯ ಸ್ಟಿಕರ್‌ನಲ್ಲಿ ಬರೆದಷ್ಟು. ಒಂದು ಸಲ ಹೋಗಿಬಂದು ಮೈಲೇಜ್ ಹೇಳುವವರನ್ನು ನಂಬಬೇಡಿ. 125 ಕಿಲೋಮೀಟರಿಗೆ ಕುಡಿಯುವುದೇ ಎಂಟು-ಒಂಬತ್ತು ಲೀಟರ್. ಗನ್ ಕಾಲು ಲೀಟರ್ ಹಿಂದೆಮುಂದೆ ನಿಂತರೆ ಶೇ 3 ತಪ್ಪು ಅಲ್ಲೇ ಬಂತು. ಅದಕ್ಕೇ ಪ್ರತಿ ಸುತ್ತಿಗೂ 1,500 ಕಿಲೋಮೀಟರ್ ಓಡಿಸಿದೆ. ಹಳೇ ಆಯಿಲ್‌ಗೇ ಸ್ವಲ್ಪ ಟಾಪ್‌ಅಪ್ ಮಾಡಿ ಓಡಿಸಿದ ಮೊದಲ ಸುತ್ತಿನಲ್ಲಿ ಬಂದದ್ದೇ ಆ 14.4.

ಏರ್ ಫಿಲ್ಟರನ್ನೂ ಮೊದಲೇ ಬದಲಾಯಿಸಿದ್ದೆ, ಮೈಲೇಜ್ ಅಲುಗಲಿಲ್ಲ. ಕಾರ್ಬುರೇಟರ್ ಗಾಡಿಗಳಲ್ಲಿ ಅದು ದೊಡ್ಡ ವಿಷಯವಾಗಿತ್ತು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗಾಳಿ ಎಷ್ಟು ಬಂತೋ ಅಷ್ಟಕ್ಕೇ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಹೋಗುತ್ತದೆ, ಮೈಲೇಜ್ ಅಷ್ಟಾಗಿ ಹೋಗುವುದಿಲ್ಲ.

ಎರಡನೇ ಸುತ್ತಿಗೆ ಹೈವೇ ಪಕ್ಕದ ಒಂದು ಗ್ಯಾರೇಜಿಗೆ ಹೋದೆ. ಆ ಹುಡುಗ ಕೇಳದೆಯೇ 20ಡಬ್ಲ್ಯೂ-50 ಡಬ್ಬ ಇಳಿಸಿದ. "ನಮ್ಮ ಬಿಸಿಲಿಗೆ ದಪ್ಪ ಆಯಿಲ್ಲೇ ಆಗ್ಬೇಕು ಸಾರ್, ತೆಳ್ಳಗಿನದು ನೀರಾಗಿಬಿಡುತ್ತೆ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಹೊರಗೆ 38 ಡಿಗ್ರಿ ಇರಲಿ, 20 ಇರಲಿ, ಬಿಸಿಯಾದ ಎಂಜಿನ್ ಒಳಗೆ ಕೂಲೆಂಟ್ ಇರುವುದು 90ರ ಆಸುಪಾಸಿನಲ್ಲೇ. ಅದನ್ನು ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ಬೇಸಿಗೆ, ಚಳಿಗಾಲದ ವ್ಯತ್ಯಾಸ ಕಾಣುವುದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ. ಆ ಹೊತ್ತಲ್ಲಿ ತೆಳ್ಳಗಿನ ಆಯಿಲ್ ಬೇಗ ಮೇಲೆ ತಲುಪುತ್ತದೆ. ಹೆಸರಿನಲ್ಲಿರುವ ಡಬ್ಲ್ಯೂ ಅಂದರೆ ವಿಂಟರ್, ಅದಕ್ಕಿಂತ ಮೊದಲು ಬರುವ ಸಂಖ್ಯೆ ಚಿಕ್ಕದಾದಷ್ಟೂ ತಣ್ಣಗಿರುವಾಗ ಸಲೀಸಾಗಿ ಹರಿಯುತ್ತದೆ. ಕೊನೆಯ ಸಂಖ್ಯೆ ಬಿಸಿಯಲ್ಲಿನ ದಪ್ಪ. ನೂರು ಡಿಗ್ರಿಯಲ್ಲಿ 30 ಗ್ರೇಡಿನ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪ ಅಳೆಯುವ ಮಾನ) ಒಳಗಿರಬೇಕು. 50 ಗ್ರೇಡಿನದ್ದು 16.3ರಿಂದ 21.9. ಹೆಚ್ಚೂಕಡಿಮೆ ಒಂದೂಮುಕ್ಕಾಲು ಪಟ್ಟು ದಪ್ಪ. ಹಿಟ್ಟು ಗಟ್ಟಿಯಾದರೆ ಗ್ರೈಂಡರ್ ಮೋಟರ್ ಮುಲುಗುತ್ತದಲ್ಲ, ಅದೇ ಕತೆ.

ನನ್ನ ಮ್ಯಾನುಯಲ್ ಕೇಳುವುದು 5ಡಬ್ಲ್ಯೂ-30. ಗೊತ್ತಿದ್ದೂ ಹೋಲಿಕೆಗೆ ಇರಲಿ ಅಂತ ಹಾಕಿಸಿದೆ.

ಆದರೆ ಆಮೇಲೆ ಆದದ್ದು ಹೋಲಿಕೆಯ ಪಟ್ಟಿಯಲ್ಲೇ ಇರಲಿಲ್ಲ. ಮೊದಲ ಟ್ಯಾಂಕಿಗೆ ಬಂದದ್ದು 14.1. ಕೊಳಕು ಆಯಿಲ್‌ಗಿಂತ ಹೊಸ ಆಯಿಲ್ ಕಡಿಮೆ ಕೊಡೋದಾ? ಮತ್ತೆ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗುರುತು ದಾಟಿ ಹೆಬ್ಬೆರಳಿನ ಅಗಲದಷ್ಟು ಮೇಲಿತ್ತು. ಆಗ ನೆನಪಾಯಿತು: ಡಬ್ಬ 3.5 ಲೀಟರಿನದು, ನನ್ನ ಎಂಜಿನ್‌ಗೆ ಬೇಕಾದದ್ದು ಆಯಿಲ್ ಫಿಲ್ಟರ್ ಸೇರಿ ಮೂರು ಲೀಟರಿನ ಹತ್ತಿರ. ಹುಡುಗ ಡಬ್ಬ ಪೂರ್ತಿ ಬಗ್ಗಿಸಿ, ಅಲ್ಲಾಡಿಸಿ, ಕೊನೇ ಹನಿಯನ್ನೂ ಬಿಟ್ಟಿದ್ದ. ನಾನು ದುಡ್ಡಿಗೆ ಮೋಸವಿಲ್ಲ ಅಂತ ಖುಷಿಪಟ್ಟು ನೋಡುತ್ತಾ ನಿಂತಿದ್ದೆ! ಅಷ್ಟು ಜಾಸ್ತಿಯಾದರೆ ಎಂಜಿನ್ ತಳದಲ್ಲಿ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಆಯಿಲ್‌ಗೆ ಬಡಿಯುತ್ತದೆ. ಮೊಸರು ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ಆ ಕಡೆಯುವ ಕೆಲಸಕ್ಕೂ ಪೆಟ್ರೋಲ್ ಸುಡುತ್ತದೆ. ಜೊತೆಗೆ ನೊರೆ ತುಂಬಿದ ಆಯಿಲ್‌ನಿಂದ ಬೇರಿಂಗಿಗೆ ಸರಿಯಾದ ಪ್ರೆಷರ್ ಸಿಗುವುದಿಲ್ಲ.

ನಮ್ಮ ಬೀದಿ ಕೊನೆಯ ಮೇಸ್ತ್ರಿ ಹತ್ತಿರ ಹೋಗಿ ಜಾಸ್ತಿಯಾದದ್ದನ್ನು ಇಳಿಸಿದೆ. ಆಮೇಲೆ 1,500 ಕಿಲೋಮೀಟರಿಗೆ 14.8 ಬಂತು. ದಪ್ಪ ಆಯಿಲ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು: ಎಂಜಿನ್ ಸದ್ದು ಮೆತ್ತಗಾಯಿತು, ಮೇಲ್ಗಡೆ ಬರುತ್ತಿದ್ದ ಟಿಕ್ ಟಿಕ್ ಕಡಿಮೆಯಾಯಿತು. ಜನ ಇದನ್ನೇ 'ಗಾಡಿ ಸ್ಮೂತ್ ಆಯ್ತು' ಅಂತ ತಿಳಿಯುತ್ತಾರೆ. ಪಿಕಪ್ ಮಾತ್ರ ಹೊಟ್ಟೆತುಂಬ ಊಟ ಮಾಡಿದವನ ನಡಿಗೆ.

ಮೂರನೇ ಸುತ್ತು, ಮ್ಯಾನುಯಲ್ ಹೇಳಿದ 5ಡಬ್ಲ್ಯೂ-30. ದುಬಾರಿಯದ್ದಲ್ಲ, ಅಂಗಡಿಯಲ್ಲಿದ್ದುದರಲ್ಲಿ ಕಡಿಮೆ ಬೆಲೆಯದು. ನೋಡಿದ್ದು ಡಬ್ಬದ ಹಿಂದಿನ ದುಂಡು ಮುದ್ರೆ ಮಾತ್ರ. ಮೇಲ್ಗಡೆ ಎಪಿಐ ಎಸ್‌ಪಿ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ಗುಣಮಟ್ಟದ ದರ್ಜೆ), ನಡುವೆ ಗ್ರೇಡ್, ಕೆಳಗೆ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಇದ್ದರೆ ಇಂಧನ ಉಳಿಸುವ ಪರೀಕ್ಷೆ ಪಾಸಾದದ್ದು ಅಂತ ಅರ್ಥ. 20ಡಬ್ಲ್ಯೂ-50 ಡಬ್ಬದ ಮೇಲೆ ಆ ಮಾತು ಇರುವುದಿಲ್ಲ. ಆಯಿಲ್ ಫಿಲ್ಟರ್ ಹೊಸದು. ಬಂದದ್ದು 15.3. ಅಂದರೆ ದಪ್ಪ ಆಯಿಲ್‌ಗಿಂತ ಶೇ 3 ಜಾಸ್ತಿ. 5ಡಬ್ಲ್ಯೂ-30 ಬೇಕಾದ ಎಂಜಿನ್‌ಗೆ 10ಡಬ್ಲ್ಯೂ-30 ಹಾಕಿದರೆ ಶೇ 1-2 ಮೈಲೇಜ್ ಹೋಗುತ್ತದೆ ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ನಾನು ಹಾಕಿದ್ದು ಅದಕ್ಕಿಂತ ಇನ್ನೂ ದಪ್ಪದ್ದು. ಹಾಗಾಗಿ ಲೆಕ್ಕ ಸರಿಯೇ ಅನಿಸಿತು.

ಆದರೆ 17 ಎಲ್ಲಿ, 15.3 ಎಲ್ಲಿ? ಆಯಿಲ್ ಕೂಡ 1,500 ಕಿಲೋಮೀಟರಿಗೆ ಸುಮಾರು 400 ಎಂಎಲ್ ಕಡಿಮೆಯಾಗಿತ್ತು. ಕೆಳಗೆ ಒಂದು ಹನಿ ಸೋರಿರಲಿಲ್ಲ.

ಮೇಸ್ತ್ರಿ ಏರ್ ಫಿಲ್ಟರಿನ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿದ. ಬೆರಳು ಎಣ್ಣೆಣ್ಣೆ. ಎಂಜಿನ್ ಮೇಲಿಂದ ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ವಾಲ್ವ್ ಕಿತ್ತು, ತೆಂಗಿನಕಾಯಿಯಲ್ಲಿ ನೀರಿದೆಯಾ ಅಂತ ನೋಡುವ ಹಾಗೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. "ಕೇಳಿಸ್ತಾ ಸಾರ್?" ಅಂದ. "ಏನೂ ಇಲ್ಲವಲ್ಲ." "ಅದೇ ಮತ್ತೆ. ಟಕಟಕ ಅನ್ಬೇಕು."

ಅದು ಪಿಸಿವಿ ವಾಲ್ವ್. ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುವ ಹೊಗೆಯನ್ನು ಅಳೆದು-ಸುರಿದು ವಾಪಸ್ ಇನ್‌ಟೇಕಿಗೆ, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ, ಕಳಿಸುವುದು ಇದರ ಕೆಲಸ. ಕೆಟ್ಟ ಆಯಿಲ್ ಜಿಡ್ಡುಗಟ್ಟಿ ಅದು ತೆರೆದೇ ಕಚ್ಚಿಕೊಂಡಿತ್ತು. ಹೊಗೆಯ ಜೊತೆ ಆಯಿಲನ್ನೂ ಎಂಜಿನ್ ಹೀರುತ್ತಿತ್ತು. ಆಯಿಲ್ ಸುಟ್ಟು ಸ್ಪಾರ್ಕ್ ಪ್ಲಗ್‌ಗಳ ಮೇಲೆ ಬೂದಿ ಕೂತಿತ್ತು. ಬೆಂಕಿ ಸರಿಯಾಗಿ ಹತ್ತದಿದ್ದರೆ ಮೈಲೇಜ್ ಎಲ್ಲಿಂದ ಬರಬೇಕು?

ಈಗಿನ ಎಂಜಿನ್‌ಗಳಲ್ಲಿ ಆಯಿಲ್‌ಗೆ ಇನ್ನೊಂದು ಕೆಲಸವೂ ಇದೆ. ವಾಲ್ವ್ ತೆರೆಯುವ ಹೊತ್ತನ್ನು ವೇಗಕ್ಕೆ ತಕ್ಕಂತೆ ಹಿಂದೆಮುಂದೆ ಮಾಡುವ ವಿವಿಟಿ ನಡೆಯುವುದು ಆಯಿಲ್ ಪ್ರೆಷರಿನಿಂದ. ಅದರ ಕಂಟ್ರೋಲ್ ವಾಲ್ವಿಗೆ ಚಹಾ ಜರಡಿಗಿಂತ ಸಣ್ಣ ಕಣ್ಣಿನ ಜಾಲರಿ ಇರುತ್ತದೆ. ನಮ್ಮದರಲ್ಲಿ ಅರ್ಧ ಜಾಲರಿ ಕಾಣುತ್ತಲೇ ಇರಲಿಲ್ಲ. ಮೇಸ್ತ್ರಿ ಅದನ್ನು ತೊಳೆದ, ಪಿಸಿವಿ ವಾಲ್ವ್ ಮತ್ತು ಪ್ಲಗ್ ಹೊಸದು ಹಾಕಿದ. ಕೂಲಿ ಸೇರಿ 1,850 ರೂಪಾಯಿ. ಎಂಜಿನ್ ಫ್ಲಶ್ ಹಾಕಿ ಒಂದೇ ಸಲ ತೊಳೆಯೋಣವಾ ಅಂದರೆ ಬೇಡವೇ ಬೇಡ ಅಂದ. ಹಳೇ ಜಿಡ್ಡು ಚಕ್ಕೆಚಕ್ಕೆಯಾಗಿ ಕಿತ್ತು ಆಯಿಲ್ ಪಂಪಿನ ಬಾಯಿಯ ಜಾಲರಿಗೆ ಅಡರಿದರೆ ಎಂಜಿನ್ನೇ ಹೋಗುತ್ತದಂತೆ. ಬದಲಿಗೆ ಅದೇ ಅಗ್ಗದ 5ಡಬ್ಲ್ಯೂ-30 ಇನ್ನೊಂದು ಸಲ ಹಾಕಿದ. 1,500 ಕಿಲೋಮೀಟರಿಗೇ ಕಪ್ಪಾಗಿದ್ದ ಹಿಂದಿನ ಆಯಿಲ್ ಒಂದಷ್ಟು ಕೊಳೆ ಬಿಡಿಸಿಕೊಂಡೇ ಇಳಿದಿತ್ತು.

ಮುಂದಿನ 1,500 ಕಿಲೋಮೀಟರಿಗೆ 16.3. ಅದೇ ಡಬ್ಬ, ಅದೇ ಗ್ರೇಡ್. ಒಂದು ಕಿಲೋಮೀಟರ್ ಏರಿಸಿದ್ದು ಆಯಿಲ್ ಅಲ್ಲ, ಆಯಿಲ್ ಕೆಡಿಸಿದ್ದನ್ನು ಸರಿಮಾಡಿದ್ದು.

ಕೊನೇ ಸುತ್ತಿಗೆ ಫುಲ್ ಸಿಂಥೆಟಿಕ್, ಅಂದರೆ ಕೃತಕವಾಗಿ ತಯಾರಿಸಿದ ದುಬಾರಿ ಆಯಿಲ್, ಗ್ರೇಡ್ ಅದೇ. ನಾನು ಮತ್ತೆ ಡಬ್ಬ ಹಿಡಿದು ಬಂದದ್ದು ನೋಡಿ ಮನೆಯವಳು, "ರೀ, ಹೀಗೆ ಆಯಿಲ್ ಸುರೀತಾನೇ ಇದ್ರೆ ಉಳಿಸೋದು ಯಾವಾಗ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಂದದ್ದು 16.4. ಆ 0.1 ಗನ್ ನಿಂತ ವ್ಯತ್ಯಾಸವೂ ಆಗಿರಬಹುದು, ಮಳೆಗಾಲ ಮುಗಿದ ವ್ಯತ್ಯಾಸವೂ ಆಗಿರಬಹುದು.

ದುಡ್ಡಿನ ಲೆಕ್ಕ ಅವಳಿಗಾಗಿಯೇ ಹಾಕಿದೆ. ವರ್ಷಕ್ಕೆ 12,000 ಕಿಲೋಮೀಟರ್ ಅಂದರೆ 14.4ರಲ್ಲಿ 833 ಲೀಟರ್, 16.3ರಲ್ಲಿ 736. ಉಳಿತಾಯ 97 ಲೀಟರ್. ಲೀಟರಿಗೆ ನೂರು ಅಂತ ಹಿಡಿದರೂ 9,700 ರೂಪಾಯಿ. ಇನ್ನು 16.3ರಿಂದ 16.4ಕ್ಕೆ ನಾಲ್ಕೂವರೆ ಲೀಟರ್, 450 ರೂಪಾಯಿ. ಸಿಂಥೆಟಿಕ್‌ಗೆ ನಾನು ಜಾಸ್ತಿ ಕೊಟ್ಟದ್ದು 1,100. ಪೆಟ್ರೋಲ್ ಉಳಿಯುತ್ತೆ ಅಂತ ಸಿಂಥೆಟಿಕ್ ಹಾಕಿಸುವುದಾದರೆ ಬೇಡ. ಅದು ಬಿಸಿಗೆ ಬೇಗ ಕೆಡುವುದಿಲ್ಲ, ಜಿಡ್ಡು ಕಡಿಮೆ ಕಟ್ಟುತ್ತದೆ. ಟರ್ಬೊ ಗಾಡಿಯವರಿಗೆ, ದಿನಾ ಘಾಟಿ ಹತ್ತಿಳಿಯುವವರಿಗೆ ಅದು ಬೇಕು. ನನ್ನಂಥವರು ಸಾದಾ 5ಡಬ್ಲ್ಯೂ-30 ಹಾಕಿ ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಸಾಕು. ಎಂಜಿನ್ ನಿಜಕ್ಕೂ ಸವೆದು ನೀಲಿ ಹೊಗೆ ಬಿಡುವ ಹಳೇ ಗಾಡಿಗೆ ಮಾತ್ರ ದಪ್ಪ ಆಯಿಲ್ ಸ್ವಲ್ಪ ದಿನ ತಳ್ಳಲು ಆದೀತು. ಬಂಕಿನಲ್ಲಿ ಮಾರುವ ಚಿಕ್ಕ ಬಾಟಲಿಯ ಮೈಲೇಜ್ ಮದ್ದನ್ನು ನಾನು ಮುಟ್ಟಲಿಲ್ಲ.

ಹಳೇ 17 ವಾಪಸ್ ಬರಲಿಲ್ಲ. ಉಳಿದ ಅರ್ಧ ಕಿಲೋಮೀಟರನ್ನು ಎಥೆನಾಲ್ ಖಾತೆಗೆ ಬರೆದು ಬಿಟ್ಟಿದ್ದೇನೆ.

ಈಗ ಆಯಿಲ್ ಬದಲಾಯಿಸುವಾಗ ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಲ್ಲುತ್ತೇನೆ. ಮೂರು ಲೀಟರ್ ಆಗುತ್ತಲೇ ಡಬ್ಬ ಇಸಿದುಕೊಂಡು, ಉಳಿದದ್ದನ್ನು ಟಾಪ್‌ಅಪ್‌ಗೆ ಮನೆಗೆ ತರುತ್ತೇನೆ. ಖಾಲಿಯಾದ ಡಬ್ಬಕ್ಕೆ ಸ್ಕ್ರೂಡ್ರೈವರಿನಿಂದ ತೂತು ಹೊಡೆದೇ ಗುಜರಿಗೆ ಹಾಕುವುದು, ಇಲ್ಲದಿದ್ದರೆ ಅದರೊಳಗೆ ಯಾವ ಆಯಿಲ್ ತುಂಬಿ ಯಾರಿಗೆ ಮಾರುತ್ತಾರೋ. ಬಾನೆಟ್ ಒಳಗೆ ತಾರೀಕು, ಕಿಲೋಮೀಟರ್ ಎರಡನ್ನೂ ಬರೆದ ಚೀಟಿ ಅಂಟಿಸಿದ್ದೇನೆ. ಹಳೇ ಪಿಸಿವಿ ವಾಲ್ವನ್ನು ಮಗಳು ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದಳು. ಎರಡು ದಿನ ಬಿಟ್ಟು ಅಲ್ಲಾಡಿಸಿ ನನ್ನ ಕಿವಿಗೆ ಹಿಡಿದಳು. ಟಕಟಕ ಅಂತಿತ್ತು.