ಆರಂಭಿಕರ ಜೇನು ಪೆಟ್ಟಿಗೆ: ಕೆಳಗಿನ ಕೋಣೆ ಸರಿಯಿದೆ, ಮೇಲಿನದರ ಅಳತೆ ತಪ್ಪಿದೆ

ಹೊಸದಾಗಿ ಮೆಲ್ಲಿಫೆರಾ (ಯುರೋಪಿನ ತಳಿಯ) ಜೇನು ಸಾಕುವವರಿಗೆಂದು ಮಾರುವ, ಎರಿ ಕಟ್ಟಿಸುವ ಹತ್ತು ಚೌಕಟ್ಟುಗಳ ಎರಡು ಕೋಣೆಯ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ಸೆಟ್ಟೊಂದನ್ನು ಒಂದು ಋತುವಿಡೀ ಬಳಸಿ ಇದನ್ನು ಬರೆಯುತ್ತಿದ್ದೇನೆ.

ರಾಣಿ ಮೊಟ್ಟೆಯಿಟ್ಟು ಮರಿಗಳು ಬೆಳೆಯುವ ಕೆಳಗಿನ ಸಂಸಾರ ಕೋಣೆಯ ಬಗ್ಗೆ ನನ್ನ ದೂರಿಲ್ಲ. ಮೂಲೆಗಳು ಬಿಗಿಯಾಗಿವೆ, ಚೌಕಟ್ಟುಗಳು ಅಕ್ಕಪಕ್ಕದ ಎರಿಗೆ ಉಜ್ಜದೆ ನೇರವಾಗಿ ಮೇಲೆ ಬರುವುದರಿಂದ ರಾಣಿ ಜಜ್ಜಿಹೋಗುವ ಭಯವಿಲ್ಲ. ಬಿಸಿಲಿಗೆ ಬೆನ್ನು ಮಾಡಿ ಎರಿಯನ್ನು ತುಸು ವಾಲಿಸಿದಾಗ, ಕಣದ ತಳದಲ್ಲಿ ಬಿಳಿ ನೂಲಿನ ತುಣುಕಿನಂತೆ ನೆಟ್ಟಗೆ ನಿಂತ ಮೊಟ್ಟೆ ಮೊದಲ ಬಾರಿ ಕಂಡಿತು. ಮೊಟ್ಟೆ ಹೀಗೆ ನಿಂತಿದ್ದರೆ ಒಂದೆರಡು ದಿನಗಳ ಹಿಂದೆ ರಾಣಿ ಅಲ್ಲಿದ್ದಳೆಂದೇ ಅರ್ಥ. ಪ್ರತಿ ಸಲವೂ ಅವಳನ್ನೇ ಹುಡುಕುತ್ತಾ ಪೆಟ್ಟಿಗೆಯನ್ನು ಬಹಳ ಹೊತ್ತು ತೆರೆದಿಡಬೇಕಾಗಿಲ್ಲ.

ಜೊತೆಗೆ ಕೊಟ್ಟ ಕೈಪಿಡಿ ಮಾತ್ರ ದಾರಿ ತಪ್ಪಿಸುತ್ತದೆ. ತಿಂಗಳಿಗೊಮ್ಮೆ ತೆರೆದು ನೋಡಿದರೆ ಸಾಕು ಎನ್ನುತ್ತದೆ ಅದು. ಹೊಸ ರಾಣಿಯನ್ನು ಬೆಳೆಸುವ ರಾಣಿ ಕೋಶಕ್ಕೆ ಮೊಟ್ಟೆ ಬಿದ್ದ ಸುಮಾರು 8 ದಿನಗಳಲ್ಲಿ ಅದಕ್ಕೆ ಮೇಣದ ಮುಚ್ಚಳ ಬೀಳುತ್ತದೆ, 16 ದಿನಗಳಲ್ಲಿ ಹೊಸ ರಾಣಿ ಹೊರಬರುತ್ತಾಳೆ. ಮುಚ್ಚಳ ಬೀಳುವ ಹೊತ್ತಿಗೇ ಹಳೆಯ ರಾಣಿ ಕುಟುಂಬದ ಒಂದು ಪಾಲು ನೊಣಗಳೊಂದಿಗೆ ಹಾರಿಹೋಗುವುದು ಸಾಮಾನ್ಯ. ಕುಟುಂಬ ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಎರಿಗಳ ಕೆಳ ಅಂಚಿನಲ್ಲಿ ರಾಣಿ ಕೋಶಗಳಿವೆಯೇ ಎಂದು ನೋಡಲೇಬೇಕು.

ದೊಡ್ಡ ದೋಷ ತಿಳಿದದ್ದು ಏಳೆಂಟು ಚೌಕಟ್ಟುಗಳಲ್ಲಿ ನೊಣಗಳು ತುಂಬಿ, ನಾನು ಎರಡನೆಯ ಕೋಣೆಯನ್ನು ಏರಿಸಿದ ಮೇಲೆ. ಮುಂದಿನ ತಪಾಸಣೆಯಲ್ಲಿ ಅದನ್ನು ಎತ್ತಲು ಹೋದರೆ ಕೆಳಗಿನ ಚೌಕಟ್ಟುಗಳೂ ಅಂಟಿಕೊಂಡೇ ಬಂದವು. ನಡುವೆ ಕಟ್ಟಿದ್ದ ಅಡ್ಡ ಎರಿ ಹರಿದು, ಗಂಡು ನೊಣದ ಬಿಳಿ ಮರಿಗಳು ಚೌಕಟ್ಟಿನ ಮೇಲೆ ಚೆಲ್ಲಿದವು. ನೋಡಿ ಬಹಳ ಸಂಕಟವಾಯಿತು. ಅಳೆದಾಗ ಎರಡೂ ಕೋಣೆಗಳ ಚೌಕಟ್ಟುಗಳ ನಡುವಿನ ಅಂತರ 14 ಮಿಲಿಮೀಟರ್ ಇತ್ತು. ಜೇನುನೊಣಗಳು ಓಡಾಟಕ್ಕೆಂದು ಖಾಲಿ ಬಿಡುವುದು 6ರಿಂದ 9 ಮಿಲಿಮೀಟರನ್ನಷ್ಟೇ. ಅದಕ್ಕಿಂತ ಕಿರಿದಾದುದನ್ನು ಅಂಟಿನಿಂದ ಮುಚ್ಚುತ್ತವೆ, ಅಗಲವಾದುದರಲ್ಲಿ ಎರಿ ಕಟ್ಟುತ್ತವೆ. ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆ ನಿಂತಿರುವುದೇ ಈ ಅಂತರದ ಮೇಲೆ. ಅದನ್ನೇ ತಪ್ಪಿಸಿದ ಪೆಟ್ಟಿಗೆಗೆ ಆ ಹೆಸರು ಸಲ್ಲದು.

ಕೋಣೆಯನ್ನು ಖಾಲಿ ಮಾಡಿ, ಕೆಳ ಅಂಚಿನಲ್ಲಿ 6 ಮಿಲಿಮೀಟರ್ ಕೀಸಿ ಮತ್ತೆ ಏರಿಸಿದೆ. ಈಗ ಉಳಿಯಿಂದ ಸ್ವಲ್ಪ ಮೀಟಿದರೆ ಸಾಕು, ಎರಿ ಹರಿಯದೆ ಬಿಡಿಸಿಕೊಳ್ಳುತ್ತದೆ. ಈ ಸೆಟ್ಟನ್ನು ಕೊಳ್ಳುವವರು ನೊಣಗಳನ್ನು ಬಿಡುವ ಮೊದಲೇ ಎರಡೂ ಕೋಣೆಗಳನ್ನು ಒಂದರ ಮೇಲೊಂದಿಟ್ಟು ಆ ಅಂತರವನ್ನು ಅಳೆದುಕೊಳ್ಳಿ. ತಾಳೆಯಾಗದಿದ್ದರೆ ಮೇಲಿನ ಕೋಣೆಯನ್ನು ಹಿಂದಿರುಗಿಸಿ.