ಹಳೆಯ ಅಂಬಾಸಿಡರ್‌ಗೆ ಸೆಲ್ಫ್ ಮೋಟಾರ್ ಕೊಳ್ಳುವವರ ಗಮನಕ್ಕೆ

ನಮ್ಮ ತಂದೆಯವರ ಮಾರ್ಕ್ 3 ಅಂಬಾಸಿಡರ್‌ನ ಸ್ಟಾರ್ಟರ್ ಮೋಟಾರ್, ಅಂದರೆ ನಾವೆಲ್ಲ ಸೆಲ್ಫ್ ಎನ್ನುವುದು, ಕಳೆದ ಬೇಸಿಗೆಯಲ್ಲಿ ಕೈಕೊಟ್ಟಿತು. ದಾವಣಗೆರೆಯ ಅಂಗಡಿಯೊಂದರಲ್ಲಿ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಕಳೆದು ಬೇರೊಂದು ಮೋಟಾರ್ ಕೊಡುವುದಾಗಿ ಹೇಳಿದರು. "ಅಂಬಾಸಿಡರ್ ಅಂದ್ರೆ ಎಲ್ಲಾ ಒಂದೇ ಸರ್" ಎಂಬ ಮಾತನ್ನು ನಂಬಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆಯೇ, ಹಳೆಯದನ್ನು ಅಲ್ಲಿಯೇ ಬಿಟ್ಟು ಬಂದೆ. ಎಡವಿದ್ದು ಅಲ್ಲಿ.

ನಮ್ಮ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಇದ್ದದ್ದು ಬೆಂಡಿಕ್ಸ್ ಮಾದರಿಯ ಮೋಟಾರ್. ಅದರಲ್ಲಿ ಮೊದಲು ಮೋಟಾರ್ ತಿರುಗುತ್ತದೆ, ಆ ರಭಸಕ್ಕೆ ಪಿನಿಯನ್, ಅಂದರೆ ಮೋಟಾರಿನ ತುದಿಯ ಚಿಕ್ಕ ಹಲ್ಲುಗಾಲಿ, ಶಾಫ್ಟಿನ ಸುರುಳಿಯ ಮೇಲೆ ಜಾರಿ ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ; ಮೋಟಾರಿಗೆ ಕರೆಂಟು ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡ್ ಬೇರೆಡೆ, ಬಾಡಿಯ ಮೇಲೆ ಇರುತ್ತದೆ. ನನಗೆ ಕೊಟ್ಟದ್ದರಲ್ಲಿ ಸೊಲೆನಾಯ್ಡ್ ಮೋಟಾರಿನ ಬೆನ್ನ ಮೇಲೆಯೇ ಇತ್ತು. ಅಂಥದ್ದರಲ್ಲಿ ಪಿನಿಯನ್ನನ್ನು ಮೊದಲು ಹಲ್ಲಿಗೆ ತಳ್ಳಿ ಆಮೇಲೆ ಮೋಟಾರ್ ತಿರುಗಿಸುತ್ತದೆ. ಪಿನಿಯನ್ ಒಳಹೋಗುವ ಬದಿಗೆ ರಿಂಗ್ ಗೇರಿನ (ಫ್ಲೈವೀಲಿನ ಸುತ್ತ ಕೂರಿಸಿದ ಹಲ್ಲಿನ ಬಳೆ) ಹಲ್ಲುಗಳ ಅಂಚನ್ನು ಓರೆಯಾಗಿ ಸವರಿರುತ್ತಾರೆ. ಮಾದರಿ ಬದಲಾದರೆ ಆ ಓರೆ ಹೊಂದದೆ ಹಲ್ಲಿಗೆ ಹಲ್ಲು ಢಿಕ್ಕಿ ಹೊಡೆಯಬಹುದು.

ಎರಡೂ ಬೋಲ್ಟುಗಳು ಸರಿಯಾಗಿ ಕೂತದ್ದರಿಂದ ಮೇಸ್ತ್ರಿಗೂ ಅನುಮಾನ ಬರಲಿಲ್ಲ. ಪ್ರತಿ ಸಲವೂ ಕರ್ರೆನ್ನುತ್ತಿದ್ದ ಸದ್ದಿಗೆ, "ಸವೆದು ಸರಿಹೋಗ್ತದೆ ಬಿಡಿ" ಎಂದರು. ಹಲ್ಲು ಸವೆದದ್ದೇನೋ ನಿಜ. ಮೂರನೆಯ ವಾರ ಚಿತ್ರದುರ್ಗದಿಂದ ಬರುವಾಗ ಭರಮಸಾಗರದಲ್ಲಿ ಚಹಾಕ್ಕೆಂದು ನಿಲ್ಲಿಸಿದ ಗಾಡಿ ಮತ್ತೆ ಏಳಲಿಲ್ಲ. ಮೋಟಾರ್ ಬರಿದೇ ಗಿರ್ರೆಂದು ತಿರುಗುತ್ತಿತ್ತು. ಗೇರಿಗೆ ಹಾಕಿ, ಇಬ್ಬರು ಹಿಂದಕ್ಕೂ ಮುಂದಕ್ಕೂ ಅಲುಗಿಸಿ ಫ್ಲೈವೀಲನ್ನು ಒಂದಿಷ್ಟು ಸರಿಸಿದ ಮೇಲೆ ಸ್ಟಾರ್ಟ್ ಆಯಿತು.

ಗೇರ್‌ಬಾಕ್ಸ್ ಇಳಿಸಿ ನೋಡಿದಾಗ ರಿಂಗ್ ಗೇರಿನ ಎದುರುಬದುರು ಎರಡು ಕಡೆ ಹಲ್ಲುಗಳ ಮೊನೆ ಇಲಿ ಕಡಿದ ಕೊಬ್ಬರಿಯಂತಾಗಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಆರಿದಾಗ ಬಹುತೇಕ ಆ ಎರಡು ಜಾಗಗಳಲ್ಲಿಯೇ ನಿಲ್ಲುವುದರಿಂದ ಪೆಟ್ಟೆಲ್ಲ ಅಲ್ಲಿಗೇ ಬಿದ್ದಿತ್ತು. ಹಳೆಯ ರಿಂಗ್ ಕಳಚಿ, ಬೇರೊಂದನ್ನು ಕಾಯಿಸಿ ಕೂರಿಸುವ ಹೊತ್ತಿಗೆ ಮೋಟಾರಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು ಖರ್ಚಾಯಿತು.

ಆದ್ದರಿಂದ ಹೊಸದು ಕೂತು, ಸದ್ದಿಲ್ಲದೆ ಹತ್ತಾರು ಸಲ ಸ್ಟಾರ್ಟ್ ಆಗುವವರೆಗೆ ಹಳೆಯ ಮೋಟಾರನ್ನು ಯಾರಿಗೂ ಕೊಡಬೇಡಿ. ಪಿನಿಯನ್ನಿನ ಹಲ್ಲುಗಳ ಎಣಿಕೆ, ಅದರ ಅಡ್ಡಳತೆ, ಬೋಲ್ಟ್ ಹಾಕುವ ಫ್ಲೇಂಜಿನಿಂದ ಅದಕ್ಕಿರುವ ದೂರ, ತಿರುಗುವ ದಿಕ್ಕು, ಇವನ್ನು ಅಳೆದು ತಾಳೆ ನೋಡಲು ಅದೊಂದೇ ಆಧಾರ. ಅದಕ್ಕೂ ಮೊದಲು ಬ್ಯಾಟರಿ, ಅರ್ತ್ ವೈರ್, ಕಾರ್ಬನ್ ಬ್ರಷ್ ಮತ್ತು ಬುಷ್‌ಗಳನ್ನು ನೋಡಿಸಿ. ನನ್ನ ಮೋಟಾರಿಗೆ ಬ್ರಷ್ ಬದಲಿಸಿದ್ದರೆ ಸಾಕಾಗುತ್ತಿತ್ತೋ ಏನೋ. ಕೇಳಲು ಹೋದಾಗ ಅದು ಗುಜರಿ ಸೇರಿ ಹತ್ತು ದಿನವಾಗಿತ್ತು.