ಕರಾವಳಿಯ ಪೀಠೋಪಕರಣಕ್ಕೆ ಅರಗಿನ ಚಕ್ಕೆ ಒಗ್ಗುತ್ತದೆಯೇ?

ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮರದ ಪಾಲಿಶ್ ಕೇಳಿದರೆ ಮೊದಲು ಎದುರಿಗೆ ಬರುವುದು ಮೆಲಮೈನ್ ಮತ್ತು ಪಿಯು (ಪಾಲಿಯುರೆಥೇನ್) ಎಂಬ ಕೃತಕ ರಾಳದ ಪಾಲಿಶ್ ಡಬ್ಬಗಳು. ಅರಗಿನ ಚಕ್ಕೆಯನ್ನು, ಅಂದರೆ ಶೆಲ್ಯಾಕ್ ಫ್ಲೇಕ್ಸನ್ನು, ಹೆಸರು ಹಿಡಿದೇ ಕೇಳಬೇಕು. ಹಲಸು, ಹೆಬ್ಬಲಸು, ಸಾಗುವಾನಿಗಳಲ್ಲಿ ಕಪಾಟು, ಮಂಚ, ತೊಟ್ಟಿಲು ಮಾಡುವ ನಾನು ಮೇಣ ತೆಗೆದ ತಿಳಿಬಣ್ಣದ ಚಕ್ಕೆಯನ್ನು ಕೆಲವು ಮಳೆಗಾಲಗಳಿಂದ ಬಳಸುತ್ತ ಬಂದಿದ್ದೇನೆ. ನಮ್ಮ ಹವೆಗೆ ಇದು ತಾಳದು ಎಂಬ ಮಾತು ಆಚಾರಿಗಳ ನಡುವೆ ಚಾಲ್ತಿಯಲ್ಲಿದೆ. ಆ ಮಾತು ಅರ್ಧ ಮಾತ್ರ ಸರಿ.

ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆಯ ಕೊಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ರಾಳವೇ ಇದರ ಮೂಲ. ಜಾರ್ಖಂಡ್, ಛತ್ತೀಸಗಢಗಳಲ್ಲಿ ಇದರ ಬೆಳೆ ಹೆಚ್ಚು. ಸಾಗಡೆಯಿಂದ ಬರುವ ಕುಸುಮಿ ಅರಗಿನ ಬಣ್ಣ ತಿಳಿಯಾಗಿರುವುದರಿಂದ ಅದಕ್ಕೆ ಬೆಲೆಯೂ ಬೇಡಿಕೆಯೂ ಹೆಚ್ಚು. ಮಾತ್ರೆಗಳಿಗೂ ಮಿಠಾಯಿಗಳಿಗೂ ಲೇಪಿಸುವ ವಸ್ತುವಾದ್ದರಿಂದ ಮಗು ಬಾಯಿಟ್ಟು ಕಚ್ಚುವ ತೊಟ್ಟಿಲ ಅಂಚಿಗೆ, ಅದು ಪೂರ್ತಿ ಒಣಗಿದ ಮೇಲೆ, ಇದಕ್ಕಿಂತ ನೆಮ್ಮದಿಯ ಲೇಪ ನನಗೆ ಕಂಡಿಲ್ಲ.

ಚಕ್ಕೆಯನ್ನು ಕರಗಿಸುವುದರಲ್ಲೇ ಕೆಲಸದ ಅರ್ಧ ಗುಣ ಅಡಗಿದೆ. ಒಂದು ಲೀಟರ್ ಸ್ಪಿರಿಟಿಗೆ, ಅಂದರೆ ಪಾಲಿಶ್ ಕೆಲಸದ ಆಲ್ಕೋಹಾಲಿಗೆ, ಸುಮಾರು 240 ಗ್ರಾಂ ಚಕ್ಕೆ ಹಾಕಿದರೆ ಪೀಠೋಪಕರಣಕ್ಕೆ ಒಪ್ಪುವ ಮಧ್ಯಮ ಹದ ಬರುತ್ತದೆ; ಮೊದಲ ಕೋಟ್‌ಗೆ ಅದನ್ನು ಅಷ್ಟೇ ಸ್ಪಿರಿಟ್ ಬೆರೆಸಿ ತೆಳುವಾಗಿಸಿಕೊಳ್ಳಬೇಕು. ಗಾಜಿನ ಭರಣಿಯನ್ನೇ ಬಳಸಬೇಕು, ಏಕೆಂದರೆ ಕಬ್ಬಿಣದ ಡಬ್ಬದಲ್ಲಿಟ್ಟ ದ್ರಾವಣ ಕಪ್ಪಾಗುತ್ತದೆ. ಮೊದಲ ಒಂದೆರಡು ಗಂಟೆ ಆಗಾಗ ಅಲುಗಿಸದಿದ್ದರೆ ಚಕ್ಕೆಗಳು ತಳದಲ್ಲಿ ಅಂಟಿಕೊಂಡು ಒಂದೇ ಮುದ್ದೆಯಾಗುತ್ತವೆ. ಮರುದಿನ ದ್ರಾವಣ ಜೇನಿನ ಬಣ್ಣಕ್ಕೆ ತಿರುಗಿ, ಭರಣಿಯ ಆಚೆಗಿನ ಬೆರಳು ಸ್ಪಷ್ಟವಾಗಿ ಕಾಣಬೇಕು. ತಳದಲ್ಲಿ ಮಬ್ಬಾದ ಪದರ ನಿಂತರೆ ಮೇಣ ಉಳಿದಿದೆ ಎಂದರ್ಥ. ಮೇಣವಿರುವ ಅರಗು ಕೆಟ್ಟದ್ದೇನಲ್ಲ, ಆದರೆ ಅದರ ಮೇಲೆ ಪಿಯು ಬಳಿದರೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.

ಇನ್ನು ತೇವದ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯೇ ಒದ್ದೆ. ಬಳಿದ ಸ್ಪಿರಿಟ್ ಆರುವಾಗ ಮರದ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಕೂತು, ಲೇಪದೊಳಗೆ ಹಾಲಿನಂತಹ ಬಿಳುಪು ಮೂಡುತ್ತದೆ. ಇದನ್ನು ನೋಡಿಯೇ ಅನೇಕರು ಅರಗನ್ನು ಕೈಬಿಟ್ಟಿದ್ದಾರೆ. ಆದರೆ ಮಳೆ ಬಿಟ್ಟು ಬಿಸಿಲು ಬಂದ ಹೊತ್ತಿನಲ್ಲಿ, ಹಳೆಯ ಪಂಚೆಯ ಬಟ್ಟೆಯೊಳಗೆ ಹತ್ತಿಯಿಟ್ಟು ಕಟ್ಟಿದ ಉಂಡೆಯಿಂದ ತೀರಾ ತೆಳುವಾಗಿ ಒರೆಸುತ್ತ ಹೋದರೆ ಬಿಳುಪು ವಿರಳ. ಮೂಡಿದರೂ ಒಣ ದಿನ ನೋಡಿ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಒಂದು ಸಲ ಸವರಿದರೆ ಅದು ಸಾಮಾನ್ಯವಾಗಿ ಮಾಯವಾಗುತ್ತದೆ. ಪ್ರತಿ ಹೊಸ ಕೋಟ್ ಹಳೆಯದನ್ನು ತುಸು ಕರಗಿಸಿ ಅದರೊಂದಿಗೆ ಒಂದಾಗುವುದರಿಂದ ವರ್ಷಗಳ ನಂತರವೂ ಗೀರನ್ನು ಪದರ ಕೆರೆಯದೆ ಮುಚ್ಚಬಹುದು. ಪಿಯುನಲ್ಲಿ ಈ ಸೌಲಭ್ಯವಿಲ್ಲ, ಮತ್ತು ನಾನು ಅರಗನ್ನು ಮೆಚ್ಚುವ ದೊಡ್ಡ ಕಾರಣ ಇದೇ. ಇನ್ನೊಂದು ಮಾತನ್ನು ಅನೇಕರು ಗಮನಿಸುವುದಿಲ್ಲ: ಗಾಳಿಯಲ್ಲಿರುವ ನೀರಾವಿ ಮರದೊಳಗೆ ಹೋಗಿಬರುವ ವೇಗವನ್ನು ತಗ್ಗಿಸುವುದರಲ್ಲಿ ಅರಗು ಎತ್ತಿದ ಕೈ. ಆಷಾಢದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸಡಿಲವಾಗುವ ಕಪಾಟಿನ ಬಾಗಿಲಿಗೆ ಒಳಮೈಗೂ ಅಂಚುಗಳಿಗೂ ಅರಗು ಹಚ್ಚುವುದು ಇದಕ್ಕಾಗಿಯೇ.

ಹಲಸಿನ ಮರಕ್ಕೆ ಇದು ಹೇಳಿ ಮಾಡಿಸಿದ ಜೋಡಿ. ಕಡೆಯದಾಗಿ 320 ಸಂಖ್ಯೆಯ ಕಾಗದದಿಂದ ಉಜ್ಜಿ ತಿಳಿಬಣ್ಣದ ಅರಗು ಹಚ್ಚಿದರೆ ಎಳೆಗಳ ಆಳ ಎದ್ದು ಕಾಣುತ್ತದೆ, ಹಳದಿ ಕೆಂಪಾಗಿ ಕದಡುವುದಿಲ್ಲ. ಬೆಳಕಿಗೆ ಹಲಸು ತಾನಾಗಿಯೇ ಕಂದುಬಣ್ಣಕ್ಕೆ ತಿರುಗುವುದರಿಂದ ಕಿತ್ತಳೆ ಬಣ್ಣದ ಅಗ್ಗದ ಚಕ್ಕೆಯನ್ನು ಅದಕ್ಕೆ ನಾನು ಬಳಸುವುದಿಲ್ಲ.

ಊಟದ ಮೇಜಿಗೆ ಮಾತ್ರ ಇದನ್ನು ಕಡೆಯ ಲೇಪವಾಗಿ ಬೇಡವೆನ್ನುತ್ತೇನೆ. ಒಲೆಯಿಂದಿಳಿಸಿದ ಗಂಜಿಯ ಪಾತ್ರೆ ಇಟ್ಟಲ್ಲಿ ಅರಗು ಮೆದುವಾಗಿ ಗುರುತು ಬೀಳುತ್ತದೆ, ನಿಂತ ನೀರು ಬಿಳಿಯ ಬಳೆ ಬಿಡುತ್ತದೆ. ಅಲ್ಲಿ ಮೇಣ ತೆಗೆದ ಅರಗಿನ ಎರಡು ಕೋಟ್ ಕೆಳಗೆ, ಪಿಯು ಮೇಲೆ ಎಂಬ ಏರ್ಪಾಡು ಒಳ್ಳೆಯದು.

ಕೊಳ್ಳುವಾಗ ಪ್ಯಾಕ್ ಮಾಡಿದ ತಿಂಗಳನ್ನು ನೋಡಬೇಕು. ಹಳೆಯ ಚಕ್ಕೆ ಸ್ಪಿರಿಟಿನಲ್ಲಿ ಕರಗದೆ ಲೋಳೆಯಾಗಿ ಉಳಿಯುತ್ತದೆ, ಏಪ್ರಿಲ್–ಮೇ ಸೆಕೆಯಲ್ಲಿ ಪೊಟ್ಟಣದೊಳಗೇ ಹೆಪ್ಪುಗಟ್ಟುವುದೂ ಉಂಟು; ನಾನು ಅದನ್ನು ಫ್ರಿಜ್ಜಿನಲ್ಲಿಡುತ್ತೇನೆ. ಕರಗಿಸಿದ ದ್ರಾವಣವನ್ನು ಆರು ತಿಂಗಳ ಮೇಲೆ ನಂಬುವಂತಿಲ್ಲ: ಗಾಜಿನ ಚೂರಿನ ಮೇಲೆ ಒಂದು ಹನಿ ಸವರಿ, ಮರುದಿನವೂ ಉಗುರಿಗೆ ಅಂಟಿದರೆ ಚೆಲ್ಲಿಬಿಡಬೇಕು. ಆದ್ದರಿಂದ ಸಣ್ಣ ಕೆಲಸಗಾರರು ಕಿಲೋಗಟ್ಟಲೆ ತರುವ ಬದಲು 250 ಗ್ರಾಂ ಪೊಟ್ಟಣವನ್ನೇ ಕೇಳುವುದು ಲೇಸು.